ಟ್ರೀಟ್ ಯಾವಾಗ, ಎಲ್ಲಿ ಕೊಡಬೇಕು? ಒಬಿಡಿಯನ್ಸ್ ಮತ್ತು ಅಜಿಲಿಟಿ ಪ್ರಶ್ನೋತ್ತರ

ಈ ಸಲ ನಮ್ಮ ನಾಯಿ ತರಬೇತಿ ಗುಂಪಿನಲ್ಲಿ ಬಂದ ಪ್ರಶ್ನೆಗಳು ಬೇರೆ ಬೇರೆ: ಕೆಲವು ಒಬಿಡಿಯನ್ಸ್ (ನಾಯಿ ಆಜ್ಞೆ ಕೇಳಿ ಕೆಲಸ ಮಾಡುವ ಸ್ಪರ್ಧೆ) ಬಗ್ಗೆ, ಕೆಲವು ಅಜಿಲಿಟಿ (ಅಡೆತಡೆಗಳನ್ನು ಹಾರಿ, ದಾಟಿ ಓಡುವ ಸ್ಪರ್ಧೆ) ಬಗ್ಗೆ. ಆದರೆ ಓದುತ್ತಾ ಹೋದರೆ ಅರ್ಧಕ್ಕಿಂತ ಹೆಚ್ಚಿನವು ಒಂದೇ ಕಡೆ ಬಂದು ನಿಲ್ಲುತ್ತವೆ: ನಾಯಿಗೆ ಬಹುಮಾನ ಯಾವಾಗ ಸಿಗುತ್ತಿದೆ, ಯಾವ ಜಾಗದಲ್ಲಿ ಸಿಗುತ್ತಿದೆ ಅನ್ನುವುದನ್ನು ನಾವು ಗಮನಿಸುತ್ತಿಲ್ಲ. ಹಾಗಾಗಿ ಅದನ್ನು ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಲ್ಯಾಬ್ರಡಾರ್‌ಗೆ ಎರಡೂವರೆ ವರ್ಷ. ಪ್ರಾಕ್ಟೀಸ್‌ನಲ್ಲಿ ಹೀಲ್ (ನನ್ನ ಎಡಗಾಲಿನ ಪಕ್ಕದಲ್ಲೇ ಜೊತೆಯಾಗಿ ನಡೆಯುವುದು) ಚೆನ್ನಾಗಿ ಮಾಡುತ್ತಾನೆ, ಕಣ್ಣು ನನ್ನ ಮುಖದ ಮೇಲೇ ಇರುತ್ತದೆ. ಸ್ಪರ್ಧೆಯಲ್ಲಿ ರಿಂಗ್ (ಸ್ಪರ್ಧೆಯ ಅಂಗಳ) ಒಳಗೆ ಹೋಗಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ನೆಲ ಮೂಸಲು ಶುರು ಮಾಡುತ್ತಾನೆ. ರಿಂಗ್‌ನಲ್ಲಿ ಟ್ರೀಟ್ ಇಟ್ಟುಕೊಳ್ಳುವ ಹಾಗಿಲ್ಲ. ನನ್ನ ಹತ್ತಿರ ಏನೂ ಇಲ್ಲ ಅಂತ ಅವನಿಗೆ ಗೊತ್ತಾಗಿಬಿಡುತ್ತಾ?

ಉತ್ತರ: ಗೊತ್ತಾಗುತ್ತದೆ. ಸೊಂಟದಲ್ಲಿ ಟ್ರೀಟ್ ಚೀಲ ಇಲ್ಲ, ಕೈ ಜೇಬಿನ ಕಡೆ ಹೋಗುತ್ತಿಲ್ಲ, ನಿಮ್ಮ ನಡಿಗೆಯೂ ಬಿಗಿಯಾಗಿದೆ. ಇಷ್ಟೂ ಅವನಿಗೆ ಒಂದೇ ನೋಟದಲ್ಲಿ ಸಿಗುತ್ತದೆ.

ಮೊದಲು ಒಂದು ಪರೀಕ್ಷೆ ಮಾಡಿ. ಯಾರಿಗಾದರೂ ಫೋನ್ ಕೊಟ್ಟು ನಿಮ್ಮ ಪ್ರಾಕ್ಟೀಸ್ ವಿಡಿಯೋ ಮಾಡಿಸಿ. ಆಮೇಲೆ ನಾಯಿಯನ್ನು ನೋಡಬೇಡಿ, ನಿಮ್ಮ ಬಲಗೈ ಮಾತ್ರ ನೋಡಿ. ಹೆಚ್ಚಿನವರ ವಿಡಿಯೋದಲ್ಲಿ ಕಾಣುವುದು ಹೀಗೆ: ಕೈ ಜೇಬಿಗೆ ಹೋಗುತ್ತದೆ, ನಾಯಿ ತಲೆ ಎತ್ತುತ್ತದೆ, ಆಮೇಲೆ 'ಹೀಲ್' ಅನ್ನುವ ಮಾತು ಬರುತ್ತದೆ. ಅಂದರೆ ಅವನು ಕಲಿತಿರುವುದು ಹೀಲ್ ಮಾತನ್ನಲ್ಲ, ಜೇಬಿನ ಕಡೆ ಹೋಗುವ ಕೈಯನ್ನು. ರಿಂಗ್‌ನಲ್ಲಿ ಕೈ ಅಲ್ಲಾಡುವುದಿಲ್ಲ, ಅವನಿಗೆ ಯಾವ ಸೂಚನೆಯೂ ಬರುವುದಿಲ್ಲ.

ಸರಿಯಾದ ಕ್ರಮ ಇದು. ಮಾತು, ಅವನ ಕೆಲಸ, 'ಎಸ್' ಅಥವಾ ಕ್ಲಿಕ್ಕರ್ (ಒತ್ತಿದರೆ ಟಿಕ್ ಅನ್ನುವ ಪುಟ್ಟ ಸಾಧನ) ಸದ್ದು, ಆಮೇಲೆ ನಿಮ್ಮ ಕೈ ಅಲ್ಲಾಡಬೇಕು. ಆ ಸದ್ದಿನ ಕೆಲಸ ದೊಡ್ಡದು. ನಾಯಿ ಸರಿ ಮಾಡಿದ ಕ್ಷಣಕ್ಕೂ ಟ್ರೀಟ್ ಬಾಯಿಗೆ ಬೀಳುವ ಕ್ಷಣಕ್ಕೂ ನಡುವಿನ ಅಂತರವನ್ನು ಅದು ತುಂಬುತ್ತದೆ. ಮನೋವಿಜ್ಞಾನಿ ಸ್ಕಿನ್ನರ್ ಅವರ ಶಿಷ್ಯರಾದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲೆಂಡ್ 1940ರ ದಶಕದಲ್ಲೇ ಇದನ್ನು ಪ್ರಾಣಿ ತರಬೇತಿಗೆ ತಂದರು. ನಾವು ಇವತ್ತು ಮಾಡುವುದೂ ಅದನ್ನೇ.

ಈಗ ಟ್ರೀಟನ್ನು ನಿಮ್ಮ ಮೈಯಿಂದ ದೂರ ಮಾಡಿ. ಡಬ್ಬಿಯನ್ನು ಅವನ ಕಣ್ಣೆದುರೇ ಒಂದು ಕುರ್ಚಿಯ ಮೇಲಿಡಿ. ಎರಡು ಕೈಯೂ ಖಾಲಿ ಅಂತ ತೋರಿಸಿ. ಕುರ್ಚಿಯಿಂದ ನಾಲ್ಕೈದು ಮೀಟರ್ ದೂರ ಹೋಗಿ. ಒಂದೇ ಒಂದು ಹೆಜ್ಜೆ ಹೀಲ್. ಅವನು ನಿಮ್ಮ ಮುಖ ನೋಡಿದ ತಕ್ಷಣ 'ಎಸ್' ಅಂದು ಇಬ್ಬರೂ ಕುರ್ಚಿಗೆ ಓಡಿ, ಅಲ್ಲಿ ಕೊಡಿ. ಮೊದಮೊದಲು ಅವನು ಕುರ್ಚಿಯನ್ನೇ ದಿಟ್ಟಿಸುತ್ತಾನೆ. ಎಳೆಯಬೇಡಿ, ಬೈಯಬೇಡಿ, ಕಾಯಿರಿ. ಕುರ್ಚಿಗೆ ಹೋಗುವ ದಾರಿ ನಿಮ್ಮ ಮುಖದ ಮೂಲಕವೇ ಅಂತ ಅವನಿಗೆ ಹೊಳೆಯುವ ಗಳಿಗೆ ಕಣ್ಣಿಗೆ ಕಾಣುತ್ತದೆ: ಕಿವಿ ಹಿಂದಕ್ಕೆ ಸರಿದು, ತಲೆ ತಿರುಗುತ್ತದೆ. ಅದನ್ನೇ 'ಎಸ್' ಅಂದು ಗುರುತಿಸಿ.

ಹೆಜ್ಜೆ ಹೆಚ್ಚಿಸುವಾಗ ಒಂದೇ ಸಮನೆ ಏರಿಸಬೇಡಿ. ಐದು, ಎರಡು, ಎಂಟು, ಒಂದು, ಹೀಗೆ. ಪ್ರತಿ ಸಲ ಕಷ್ಟವೇ ಆಗುತ್ತಾ ಹೋದರೆ ನಾಯಿ ಕೆಲಸದಿಂದ ಜಾರಿಕೊಳ್ಳುತ್ತದೆ.

ಇನ್ನು ಮೂಸುವ ವಿಷಯ. ಅದು ಹಟ ಅಲ್ಲ. ಏನು ಮಾಡಬೇಕು ಅಂತ ಗೊತ್ತಾಗದೆ ಒತ್ತಡವಾದಾಗ ಎಷ್ಟೋ ನಾಯಿಗಳು ನೆಲಕ್ಕೆ ಮೂಗು ಹಾಕುತ್ತವೆ. ಲೀಶ್ ಜಗ್ಗಿದರೆ ರಿಂಗ್ ಅಂದರೆ ಕೆಟ್ಟ ಜಾಗ ಅಂತ ಅವನಿಗೆ ಖಾತ್ರಿಯಾಗುತ್ತದೆ, ಅಷ್ಟೆ. ಬದಲಿಗೆ ಹೊಸ ಜಾಗಕ್ಕೆ ಹೋದಾಗ ಮೊದಲು ಸುತ್ತ ನೋಡಲು ಬಿಡಿ. ಅವನಾಗಿಯೇ ನಿಮ್ಮ ಕಡೆ ತಿರುಗಿದ ಮೇಲೆ ಕೆಲಸ ಶುರು ಮಾಡಿ. ಗೆಳೆಯರೊಬ್ಬರನ್ನು ಜಡ್ಜ್ ಥರ ನಿಲ್ಲಿಸಿ, 'ಮುಂದಕ್ಕೆ', 'ನಿಲ್ಲಿ' ಅಂತ ಜೋರಾಗಿ ಹೇಳಿಸಿ. ನೋಟ್ ಪ್ಯಾಡ್ ಹಿಡಿದ ಅಪರಿಚಿತ ಹಿಂದೆ ಹಿಂದೆ ನಡೆದು ಬರುವುದು ನಾಯಿಗೆ ತುಂಬ ವಿಚಿತ್ರ ಅನುಭವ. ಅದನ್ನು ಅವನು ಮೊದಲ ಸಲ ಸ್ಪರ್ಧೆಯ ದಿನವೇ ನೋಡಬಾರದು.

ಅದೇ ಸದಸ್ಯರು: ರಿಂಗ್ ಒಳಗೆ ಮಾತಾಡಿಸಬಹುದಾ ಮೇಡಂ? ಅಂಕ ಹೋಗುತ್ತಾ?

ಉತ್ತರ: ಒಂದು ಅಭ್ಯಾಸ (ಹೀಲ್‌ನಂಥ, ಅಂಕ ಕೊಡುವ ಒಂದು ಭಾಗ) ಮುಗಿದು ಇನ್ನೊಂದು ಶುರುವಾಗುವ ನಡುವೆ ಬಾಯಿಮಾತಿನ ಶಹಬ್ಬಾಸ್ ಕೊಡಲು ಸಾಮಾನ್ಯವಾಗಿ ಅಡ್ಡಿ ಇಲ್ಲ. ಅಭ್ಯಾಸದ ಮಧ್ಯೆ ಎರಡನೇ ಸಲ ಆಜ್ಞೆ ಕೊಟ್ಟರೆ ಅಂಕ ಕಳೆಯುತ್ತಾರೆ. ಲೆಕ್ಕ ಹೇಗೆ ಅಂದರೆ, ಅಮೆರಿಕದ ಎಕೆಸಿ (ಅಮೆರಿಕನ್ ಕೆನಲ್ ಕ್ಲಬ್) ಪದ್ಧತಿಯಲ್ಲಿ ಒಟ್ಟು 200 ಅಂಕ. ಪಾಸಾಗಲು 170 ಬೇಕು, ಜೊತೆಗೆ ಪ್ರತಿ ಅಭ್ಯಾಸದಲ್ಲೂ ಅರ್ಧಕ್ಕಿಂತ ಜಾಸ್ತಿ ಬರಬೇಕು. ಹಾಗಾಗಿ ಮಿಕ್ಕದ್ದೆಲ್ಲ ಚಂದ ಮಾಡಿದರೂ ಹೀಲ್ ಒಂದೇ ಕೈಕೊಟ್ಟರೆ ಪಾಸಾಗುವುದಿಲ್ಲ. ಬೇರೆ ಸಂಸ್ಥೆಗಳ ನಿಯಮ ಬೇರೆ ಇರುತ್ತದೆ. ನೀವು ಸೇರುವ ಸ್ಪರ್ಧೆಯ ನಿಯಮ ಪುಸ್ತಕ ಓದಿಕೊಂಡೇ ಹೋಗಿ.

ಪ್ರಶ್ನೆ: ನಮ್ಮ ಜರ್ಮನ್ ಶೆಫರ್ಡ್ ಹೀಲ್‌ನಲ್ಲಿ ಓರೆಯಾಗಿ ನಡೆಯುತ್ತಾಳೆ. ತಲೆ ನನ್ನ ಮುಂದೆ ಬರುತ್ತದೆ, ಹಿಂಭಾಗ ಹೊರಗೆ ಹೋಗುತ್ತದೆ. ಜಡ್ಜ್ ಪ್ರತಿ ಸಲ ಅದನ್ನೇ ಬರೆಯುತ್ತಾರೆ.

ಉತ್ತರ: ಟ್ರೀಟ್ ಯಾವ ಕೈಯಿಂದ ಕೊಡುತ್ತಿದ್ದೀರಿ? ಬಲಗೈಯನ್ನು ಹೊಟ್ಟೆಯ ಮುಂದಿನಿಂದ ಎಡಕ್ಕೆ ತಂದು ಕೊಡುತ್ತಿದ್ದರೆ ಉತ್ತರ ಅಲ್ಲೇ ಇದೆ. ತಿನ್ನುವುದು ನಿಮ್ಮ ಮುಂದೆ ಸಿಗುತ್ತದೆ ಅಂದಮೇಲೆ ಬಾಯಿ ಅಲ್ಲಿಗೆ ಬರುತ್ತದೆ, ಬೆನ್ನು ಬಾಗಿ ಹಿಂಭಾಗ ಆಚೆ ಹೋಗುತ್ತದೆ. ಎಡಗೈಯಿಂದಲೇ ಕೊಡಿ. ಎಡ ಪ್ಯಾಂಟಿನ ಹೊಲಿಗೆಗೆ ತಾಗಿದ ಹಾಗೆ, ಒಂಚೂರು ಹಿಂದಕ್ಕೆ.

ಜೊತೆಗೆ ಹಿಂಗಾಲುಗಳ ಅರಿವು ಕಲಿಸಬೇಕು. ಗಟ್ಟಿಯಾಗಿ ನಿಲ್ಲುವ, ಜಾರದ ಒಂದು ತಗ್ಗು ಮಣೆ ಇಡಿ. ಮುಂಗಾಲು ಎರಡೂ ಅದರ ಮೇಲೆ. ನೀವು ಅವಳ ಬಲಕ್ಕೆ ನಿಂತು ಎಡಕ್ಕೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗಿ. ಮುಂಗಾಲು ಅಲ್ಲೇ ಇರುತ್ತದೆ, ಹಿಂಗಾಲು ಒಂದೊಂದಾಗಿ ನಿಮ್ಮ ಕಡೆ ಸರಿಯುತ್ತದೆ. ಒಂದು ಹಿಂಗಾಲು ಸರಿದರೂ 'ಎಸ್'. ಇದು ಗಟ್ಟಿಯಾದ ಮೇಲೆ ಮಣೆ ತೆಗೆಯಿರಿ. ಎಡಕ್ಕೆ ತಿರುಗುವಾಗ ಹಿಂಭಾಗವನ್ನು ತಾನೇ ಒಳಗೆ ತರುತ್ತಾಳೆ. ಸೊಂಟ ತಳ್ಳಿ ಸರಿ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಪ್ರಶ್ನೆ: ಅಜಿಲಿಟಿ ಪ್ರಶ್ನೆ ಮೇಡಂ. ನನ್ನ ಬಾರ್ಡರ್ ಕೋಲಿ, ಡಾಗ್ ವಾಕ್ (ಹತ್ತಿ, ದಾಟಿ, ಇಳಿಯುವ ಎತ್ತರದ ಕಿರಿದಾದ ಹಲಗೆ ಸೇತುವೆ) ಹಲಗೆಯ ಕೊನೆಯ ಹಳದಿ ಭಾಗ ಮುಟ್ಟದೆ ಮೇಲಿನಿಂದಲೇ ಹಾರುತ್ತಾಳೆ. ನಿಧಾನ ಮಾಡಿಸಿದರೆ ಹಲಗೆ ಪೂರ್ತಿ ತೆವಳುತ್ತಾಳೆ. ಮಧ್ಯದ ದಾರಿಯೇ ಇಲ್ವಾ?

ಉತ್ತರ: ಇದೆ. ಆದರೆ ಡಾಗ್ ವಾಕ್ ಮೇಲೆ ಅಲ್ಲ, ನೆಲದ ಮೇಲೆ ಶುರು ಮಾಡಬೇಕು.

ಹಳದಿ ಭಾಗ ಇರುವುದು ನಾಯಿಯ ಮೈ ಉಳಿಸಲು. ಎತ್ತರದಿಂದ ಹಾರಿದರೆ ಇಳಿಯುವ ಪೆಟ್ಟೆಲ್ಲ ಭುಜಕ್ಕೆ, ಮುಂಗಾಲಿನ ಗಂಟಿಗೆ ಬೀಳುತ್ತದೆ. ಎಫ್‌ಸಿಐ (ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ) ನಿಯಮದಲ್ಲಿ ಡಾಗ್ ವಾಕ್‌ನ ಹಳದಿ ಭಾಗ ತುದಿಯಿಂದ 90 ಸೆಂ.ಮೀ. ಅಲ್ಲಿ ಒಂದು ಪಾದವಾದರೂ ಬೀಳದಿದ್ದರೆ 5 ಫಾಲ್ಟ್ (ತಪ್ಪಿನ ಅಂಕ).

ನಿಮ್ಮ ನಾಯಿಗೆ ನಿಲ್ಲುವ ಪದ್ಧತಿ ಕಲಿಸಿ: ಹಿಂಗಾಲು ಎರಡೂ ಹಲಗೆಯ ಮೇಲೆ, ಮುಂಗಾಲು ಎರಡೂ ನೆಲದ ಮೇಲೆ. ನೆಲದಲ್ಲಿ ಒಂದು ಅಗಲದ ಹಲಗೆ ಹಾಕಿ. ಅವಳು ಹಾಗೆ ನಿಂತಾಗ ಟ್ರೀಟನ್ನು ನಿಮ್ಮ ಕೈಯಿಂದ ಮೇಲೆ ಕೊಡಬೇಡಿ. ಅವಳ ಮುಂಗಾಲುಗಳ ನಡುವೆ, ನೆಲದ ಮೇಲೆ ಇಡಿ. ಇಲ್ಲಿಯೇ ಎಷ್ಟೋ ಜನ ಎಡವುತ್ತಾರೆ. ಟ್ರೀಟ್ ಮೇಲಿನಿಂದ ಬಂದರೆ ನಾಯಿ ತಲೆ ಎತ್ತಿ ನಿಮ್ಮ ಕಡೆ ತಿರುಗುತ್ತದೆ, ಹಿಂಗಾಲು ಹಲಗೆಯಿಂದ ಜಾರುತ್ತದೆ. ನೆಲದಲ್ಲಿ ಸಿಕ್ಕರೆ ತಲೆ ಕೆಳಗೆ, ಮೈ ನೇರ, ಭಾರ ಹಿಂದಕ್ಕೆ. ಜೊತೆಗೆ, ಆ ಜಾಗಕ್ಕೆ ಬೇಗ ಹೋಗಬೇಕು ಅನ್ನುವ ಆಸೆ ಹುಟ್ಟುತ್ತದೆ. ತೆವಳುವುದಕ್ಕೆ ಮದ್ದು ಅದೇ ಆಸೆ.

ಇದು ಪಕ್ಕಾ ಆದ ಮೇಲೆ ನೀವು ಅಲ್ಲಾಡಿ. ಪಕ್ಕದಲ್ಲಿ ಓಡಿಹೋಗಿ, ಹಿಂದೆ ಉಳಿಯಿರಿ, ಬಗ್ಗಿ ಶೂ ಕಟ್ಟಿಕೊಳ್ಳಿ, ಕೈ ಬೀಸಿ. ಬಿಡುಗಡೆಯ ಮಾತು ಬರುವ ತನಕ ಅವಳು ಕದಲಬಾರದು. ಆಮೇಲೆ ಹಲಗೆಯ ಒಂದು ತುದಿಯನ್ನು ಸ್ವಲ್ಪ ಎತ್ತರಿಸಿ. ಡಾಗ್ ವಾಕ್ ಕೊನೆಗೆ ಬರಲಿ.

ಒಂದು ಎಚ್ಚರಿಕೆ. ಸ್ಪರ್ಧೆಯಲ್ಲಿ ಅರ್ಧ ಸೆಕೆಂಡ್ ಉಳಿಸಲು ಅವಳು ಪೂರ್ತಿ ನಿಲ್ಲುವ ಮೊದಲೇ ಬಿಟ್ಟರೆ, ಸ್ಪರ್ಧೆಯಲ್ಲಿ ನಿಲ್ಲಬೇಕಾಗಿಲ್ಲ ಅಂತ ಅವಳು ಬೇಗ ಕಲಿಯುತ್ತಾಳೆ. ನಿಲ್ಲದೆ ಓಡುತ್ತಲೇ ಹಳದಿ ಮುಟ್ಟುವ ರನ್ನಿಂಗ್ ಕಾಂಟ್ಯಾಕ್ಟ್ ಕೂಡ ಇದೆ. ನೋಡಲು ಬಹಳ ಚಂದ. ಆದರೆ ಅದಕ್ಕೆ ನಿತ್ಯ ಸಲಕರಣೆ ಸಿಗಬೇಕು, ಪ್ರತಿ ಹೆಜ್ಜೆ ಗುರುತಿಸುವ ಕಣ್ಣು ಬೇಕು. ಮೊದಲ ನಾಯಿಗೆ ನಾನು ಅದನ್ನು ಹೇಳುವುದಿಲ್ಲ.

ಇನ್ನೊಬ್ಬರು: ನಮ್ಮವನಿಗೆ ಸೀಸಾ (ನಾಯಿ ನಡೆದಾಗ ಏರಿ ಇಳಿಯುವ ತೂಗುಹಲಗೆ) ಕಂಡರೇ ಭಯ. ಧಡ್ ಅಂತ ಬಿದ್ದ ಸದ್ದಿಗೆ ಓಡಿಹೋಗುತ್ತಾನೆ.

ಉತ್ತರ: ಸದ್ದು ಬೇರೆ, ಅಲುಗಾಟ ಬೇರೆ. ಎರಡನ್ನೂ ಬೇರೆ ಬೇರೆ ಕಲಿಸಿ. ಸೀಸಾದ ತುದಿಯ ಕೆಳಗೆ ಮೇಜು ಇಟ್ಟು, ಎರಡು ಬೆರಳಷ್ಟು ಮಾತ್ರ ಬೀಳುವ ಹಾಗೆ ಮಾಡಿ. ಅವನೇ ಮುಂಗಾಲಿನಿಂದ ಒತ್ತಿ ಸದ್ದು ಮಾಡಲಿ, ಸದ್ದಾದ ಕೂಡಲೇ ಟ್ರೀಟ್. ಸದ್ದು ತನ್ನಿಂದಲೇ ಆಗುತ್ತದೆ ಅಂತ ಗೊತ್ತಾದರೆ ಭಯ ಇಳಿಯುತ್ತದೆ. ಹಲಗೆ ನೆಲ ಮುಟ್ಟುವ ಮುಂಚೆ ಹಾರಿದರೆ ಫಾಲ್ಟ್, ಆದ್ದರಿಂದ ಟ್ರೀಟ್ ಯಾವಾಗಲೂ ತುದಿಯಲ್ಲೇ. ಅವಸರ ಬೇಡ.

ಪ್ರಶ್ನೆ: ಐದು ತಿಂಗಳ ಮರಿ ಇದೆ. ಜಂಪ್ ಈಗಲೇ ಶುರು ಮಾಡಬಹುದಾ?

ಉತ್ತರ: ಬೇಡ. ಮೂಳೆಯ ತುದಿಯಲ್ಲಿ ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತದೆ. ಚಿಕ್ಕ ತಳಿಗಳಲ್ಲಿ ಅದು ಬೇಗ ಗಟ್ಟಿಯಾಗುತ್ತದೆ, ದೊಡ್ಡ ತಳಿಗಳಲ್ಲಿ ಒಂದೂವರೆ ವರ್ಷದವರೆಗೂ ಹೋಗಬಹುದು. ಎಫ್‌ಸಿಐ ಅಜಿಲಿಟಿಯಲ್ಲಿ 18 ತಿಂಗಳು ತುಂಬದ ನಾಯಿಗೆ ಪ್ರವೇಶವೇ ಇಲ್ಲ. ಪೂರ್ತಿ ವೀವ್ ಪೋಲ್ (ನಾಯಿ ಎಡಬಲ ನುಸುಳುತ್ತಾ ಸಾಗುವ ಕಂಬಗಳ ಸಾಲು) ಕೂಡ ಈಗ ಬೇಡ, ಬೆನ್ನು ಪದೇ ಪದೇ ತಿರುಚುತ್ತದೆ.

ಹಾಗಂತ ಸುಮ್ನೆ ಕೂರಬೇಕಿಲ್ಲ. ನೇರ ಟನಲ್, ನೆಲದ ಮೇಲಿಟ್ಟ ಕೋಲುಗಳ ನಡುವೆ ನಡಿಗೆ, ಕೋನ್ ಸುತ್ತಿ ಬರುವುದು, ಆಟಿಕೆ ಬಿಟ್ಟುಕೊಡುವುದು, ಕರೆದಾಗ ಓಡಿಬರುವುದು, ಗೆರೆಯ ಹಿಂದೆ ಕೂತು ಕಾಯುವುದು. ಇವು ಗಟ್ಟಿಯಾಗಿದ್ದರೆ ಜಂಪ್ ಕಲಿಯುವುದು ಚಿಕ್ಕ ಕೆಲಸ.

ಪ್ರಶ್ನೆ: ವೀವ್ ಪೋಲ್‌ಗೆ ಸರಿಯಾಗಿ ಒಳಹೋಗುತ್ತಾನೆ. ಹತ್ತನೇ ಕಂಬದ ಹತ್ತಿರ ಹೊರಗೆ ಬಂದುಬಿಡುತ್ತಾನೆ. ಯಾವಾಗಲೂ ಹತ್ತನೇದೇ!

ಉತ್ತರ: ಹನ್ನೆರಡು ಕಂಬಗಳಲ್ಲಿ ಹತ್ತನೆಯದರ ಹತ್ತಿರ ನೀವು ಏನು ಮಾಡುತ್ತೀರಿ ಅಂತ ನೋಡಿಕೊಳ್ಳಿ. ಮುಂದಿನ ಜಂಪ್ ಕಡೆ ಭುಜ ತಿರುಗಿಸುತ್ತಿರಬೇಕು, ಇಲ್ಲವೇ ಓಟ ನಿಧಾನ ಮಾಡಿ ಟ್ರೀಟಿಗೆ ಕೈ ಹಾಕುತ್ತಿರಬೇಕು. ನಾಯಿ ನಿಮ್ಮ ಜೊತೆಗೇ ತಿರುಗುತ್ತದೆ. ಆಟಿಕೆಯನ್ನು ಕೊನೆಯ ಕಂಬದ ಆಚೆ ಮೂರು ಮೀಟರ್ ದೂರ, ಕಂಬಗಳ ಸಾಲಿಗೇ ನೇರವಾಗಿ ಇಡಿ. ನೀವು ಅದೇ ವೇಗದಲ್ಲಿ ಕಂಬ ದಾಟಿ ಓಡಿ. ಅವನ ಕಣ್ಣು ನಿಮ್ಮನ್ನು ಬಿಟ್ಟು ಸಾಲಿನ ತುದಿಗೆ ಹೋಗಬೇಕು.

ಪ್ರಶ್ನೆ: ಬೀದಿಯಿಂದ ತಂದ ಮಿಶ್ರತಳಿ ನಾಯಿ ನಮ್ಮದು. ಅಜಿಲಿಟಿಗೆ ಬಾರ್ಡರ್ ಕೋಲಿಯೇ ಬೇಕಾ?

ಉತ್ತರ: ಖಂಡಿತ ಬೇಡ. ನಾಯಿಗಳನ್ನು ಭುಜದ ಎತ್ತರ ಅಳೆದು ಗುಂಪು ಮಾಡುತ್ತಾರೆ. ಎಫ್‌ಸಿಐನಲ್ಲಿ 35 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸ್ಮಾಲ್, ಆಮೇಲೆ ಮೀಡಿಯಂ, ಇಂಟರ್‌ಮೀಡಿಯೆಟ್, ಲಾರ್ಜ್. ಎಕೆಸಿ 2010ರಿಂದ ಮಿಶ್ರತಳಿಗಳಿಗೂ ಒಬಿಡಿಯನ್ಸ್, ಅಜಿಲಿಟಿ ತೆರೆದಿದೆ. ಕೆಲವು ಸ್ಪರ್ಧೆಗಳಲ್ಲಿ ಮಾತ್ರ ವಂಶಾವಳಿ ಕೇಳುತ್ತಾರೆ, ಮೊದಲೇ ವಿಚಾರಿಸಿ. ಬೀದಿಯಲ್ಲಿ ಬೆಳೆದ ನಾಯಿಗಳು ತಮ್ಮ ಕಾಲು ಎಲ್ಲಿ ಬೀಳುತ್ತಿದೆ ಅನ್ನುವುದರಲ್ಲಿ ಎಷ್ಟೋ ಸಲ ಜಾಣರಾಗಿರುತ್ತವೆ. ನನಗೆ ಅವುಗಳ ಜೊತೆ ಕೆಲಸ ಮಾಡುವುದು ಬಹಳ ಇಷ್ಟ.

ಪ್ರಶ್ನೆ: ಕೋರ್ಸ್ (ನಂಬರ್ ಹಾಕಿದ ಅಡೆತಡೆಗಳ ದಾರಿ) ನೋಡುವಾಗ ಎಲ್ಲ ನೆನಪಿರುತ್ತದೆ, ಓಡುವಾಗ ಮರೆತುಹೋಗುತ್ತದೆ. ಅವನೂ ತಪ್ಪು ಜಂಪ್ ಹಾರುತ್ತಾನೆ.

ಉತ್ತರ: ಅಜಿಲಿಟಿ 1978ರಲ್ಲಿ ಇಂಗ್ಲೆಂಡಿನ ಕ್ರಫ್ಟ್ಸ್ ಡಾಗ್ ಶೋನಲ್ಲಿ ಕಾರ್ಯಕ್ರಮಗಳ ನಡುವಿನ ಮನರಂಜನೆಯಾಗಿ ಶುರುವಾಯಿತು, ಕುದುರೆ ಜಿಗಿತದ ಮಾದರಿಯಲ್ಲಿ. ಅಲ್ಲೂ ಸವಾರರು ಮೊದಲು ಕುದುರೆ ಇಲ್ಲದೆ ನಡೆದು ನೋಡುತ್ತಾರೆ. ಹೆಚ್ಚಿನವರು ಆಗ ತಾವು ಓಡುವ ದಾರಿಯನ್ನು ಮಾತ್ರ ನಡೆಯುತ್ತಾರೆ. ನೀವು ಮೊದಲು ನಾಯಿಯ ದಾರಿ ನಡೆಯಿರಿ. ಪ್ರತಿ ಜಂಪ್ ಇಳಿಯುವ ಜಾಗದಲ್ಲಿ ನಿಂತು, ಬಗ್ಗಿ, ಅವನ ಕಣ್ಣಿನ ಮಟ್ಟದಿಂದ ನೋಡಿ. ಎದುರಿಗೆ ಕಾಣುವುದು ಟನಲ್ ಬಾಯಿ, ಆದರೆ ನಂಬರ್ ಪ್ರಕಾರ ಹೋಗಬೇಕಾದ್ದು ಬಲಗಡೆ ಜಂಪ್ ಅಂತಿದ್ದರೆ, ನೀವು ಮಾತು ಕೊಡಬೇಕಾದ ಜಾಗ ಅದೇ. ಆ ಮಾತು ಅವನು ಹಾರುವ ಮುಂಚೆ ಬರಬೇಕು. ಗಾಳಿಯಲ್ಲಿರುವಾಗ ಹೇಳಿದರೆ ಇಳಿದ ಮೇಲೆ ಸುತ್ತಿಕೊಂಡು ಬರುತ್ತಾನೆ, ಇಲ್ಲವೇ ಟನಲ್‌ಗೆ ನುಗ್ಗುತ್ತಾನೆ. ತಪ್ಪು ಜಂಪ್ ಹಾರಿದಾಗಲೂ ವಿಡಿಯೋ ನೋಡಿ. ನಿಮ್ಮ ಕಾಲ್ಬೆರಳು ಅದೇ ಜಂಪ್ ಕಡೆ ತಿರುಗಿರುತ್ತದೆ. ಬಾಯಿ ಒಂದು ಹೇಳಿ ಕಾಲು ಇನ್ನೊಂದು ತೋರಿಸಿದರೆ ನಾಯಿ ಕಾಲನ್ನೇ ನಂಬುತ್ತದೆ.

ಪ್ರಶ್ನೆ: ಎಂಟು ವರ್ಷದ ನಾಯಿ. ಇತ್ತೀಚೆಗೆ ಬಾರ್ (ಜಂಪ್‌ನ ಅಡ್ಡಕೋಲು) ಬೀಳಿಸುತ್ತಾಳೆ. ಗಮನ ಕಡಿಮೆಯಾಯಿತಾ, ಅಥವಾ ಮತ್ತೆ ಜಂಪ್ ತರಬೇತಿ ಕೊಡಬೇಕಾ?

ಉತ್ತರ: ಮೊದಲು ಪಶುವೈದ್ಯರು. ಇಷ್ಟು ವರ್ಷ ಸರಿಯಾಗಿ ಹಾರಿದ ನಾಯಿ ಇದ್ದಕ್ಕಿದ್ದಂತೆ ಬಾರ್ ಬೀಳಿಸಿದರೆ ನಾನು ನೋವು ಇದೆ ಅಂದುಕೊಂಡೇ ಶುರು ಮಾಡುತ್ತೇನೆ. ಅಜಿಲಿಟಿ ನಾಯಿಗಳಲ್ಲಿ ಭುಜದ ನೋವು, ತೊಡೆಸಂದಿಯ ಒಳಗಿನ ಇಲಿಯೋಸೋಆಸ್ ಸ್ನಾಯುವಿನ ಎಳೆತ ಸಾಮಾನ್ಯ. ಕುಂಟದೆಯೂ ನೋವು ಇರಬಹುದು. ಕಣ್ಣನ್ನೂ ಪರೀಕ್ಷೆ ಮಾಡಿಸಿ, ದೂರ ಅಳೆಯುವುದು ತಪ್ಪಿದರೂ ಬಾರ್ ಬೀಳುತ್ತದೆ.

ಹೋಗುವ ಮುಂಚೆ ಮೂರು ವಿಡಿಯೋ ಮಾಡಿಕೊಳ್ಳಿ: ಪಕ್ಕದಿಂದ ಅವಳ ಟ್ರಾಟ್ (ಹಗುರ ಓಟದ) ನಡಿಗೆ, ಹಿಂದಿನಿಂದ ಅದೇ ನಡಿಗೆ, ಮತ್ತು ತುಂಬ ತಗ್ಗಿನ ಒಂದೇ ಒಂದು ಜಂಪ್, ಸ್ಲೋ ಮೋಷನ್‌ನಲ್ಲಿ. ಬಾರ್ ಬೀಳಿಸುತ್ತಿರುವುದು ಮುಂಗಾಲೋ ಹಿಂಗಾಲೋ ಅಂತ ಗಮನಿಸಿ ಬರೆದಿಟ್ಟುಕೊಳ್ಳಿ. ಕ್ಲಿನಿಕ್‌ನಲ್ಲಿ ನಾಯಿ ಹೆದರಿ ಬಿಗಿಯಾಗಿ ನಡೆಯುವುದರಿಂದ ಡಾಕ್ಟರ್‌ಗೆ ವಿಡಿಯೋ ತುಂಬ ಉಪಯೋಗ. ಅಲ್ಲಿಯವರೆಗೆ ಜಂಪ್ ಪೂರ್ತಿ ನಿಲ್ಲಿಸಿ, ಲೀಶ್ ಹಾಕಿ ನಡಿಗೆ ಮಾತ್ರ. ಡಾಕ್ಟರ್ ಏನಂದರು ಅಂತ ಇಲ್ಲೇ ಬರೆಯಿರಿ, ಮುಂದಿನ ಅಭ್ಯಾಸ ಏನಿರಬೇಕು ಅಂತ ಅದನ್ನು ನೋಡಿಕೊಂಡು ಹೇಳುತ್ತೇನೆ.