ಅಡಿಕೆ ಕೊಳೆರೋಗದ ಫೈಟಾಫ್ತೊರಾ: 'ಶಿಲೀಂಧ್ರ' ಅಲ್ಲದಿದ್ದರೆ ಮತ್ತೇನು?

ಎಲ್ಲರಿಗೂ ನಮಸ್ಕಾರ.

ಅಡಿಕೆ ಬೆಳೆಗಾರರಿಗೆ ಟ್ರೈಕೋಡರ್ಮಾ (ಬೆಳೆರೋಗ ಹತ್ತಿಕ್ಕಲು ಬಳಸುವ ಒಂದು ಶಿಲೀಂಧ್ರ) ಬಗ್ಗೆ ಒಂದು ಬರಹ ಸಿದ್ಧಮಾಡುತ್ತಿದ್ದೇನೆ. ಒಂದು ಪದ ಬೇಕಾಗಿದೆ.

ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ ಕಾರಣ ಫೈಟಾಫ್ತೊರಾ. ನಮ್ಮ ಕೃಷಿ ಬರಹಗಳಲ್ಲಿ ಇದನ್ನು 'ಶಿಲೀಂಧ್ರ' ಅಂತಲೇ ಬರೆಯುವುದು ರೂಢಿ. 1910ರ ಹೊತ್ತಿಗೆ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಈ ರೋಗದ ಮೇಲೆ ಕೆಲಸ ಮಾಡಿದಾಗ ಎಲ್ಲರೂ ಹಾಗೇ ತಿಳಿದಿದ್ದರು. ಈಗ ವಿಜ್ಞಾನ ಬೇರೆ ಮಾತು ಹೇಳುತ್ತಿದೆ: ಬಿಳಿ ಎಳೆ ಬಿಟ್ಟುಕೊಂಡು ನೋಡಲು ಬೂಷ್ಟಿನ ಹಾಗೇ ಇದ್ದರೂ ಇದು ಕಂದು ಪಾಚಿಗಳ ನಂಟಿನ ಜೀವಿ. ಇದರ ಬೀಜಕಣಕ್ಕೆ ಎರಡು ಬಾಲ ಇರುತ್ತವೆ. ಕಾಯಿ ಮೇಲೆ ನಿಂತ ಮಳೆನೀರಿನಲ್ಲೇ ಈಜಿಕೊಂಡು ಹೋಗಿ ಅಂಟಿಕೊಳ್ಳುತ್ತದೆ, ಆಮೇಲೆ ತೊಟ್ಟಿನ ಕಡೆಯಿಂದ ಕಾಯಿ ನೀರು ಕುಡಿದ ಹಾಗೆ ಕಡುಹಸಿರಾಗಿ, ಹೊಳಪು ಕಳೆದುಕೊಂಡು ಉದುರುತ್ತದೆ.

ಯಾವ ಪದ ಆದರೇನು ಅಂತ ಕೇಳಬಹುದು. ಈ ಬರಹದಲ್ಲಂತೂ ಪದ ತಪ್ಪಿದರೆ ವಿಷಯವೇ ತಪ್ಪುತ್ತದೆ. ಟ್ರೈಕೋಡರ್ಮಾ ಬೇರೆ ಶಿಲೀಂಧ್ರದ ಎಳೆಗೆ ಸುತ್ತಿಕೊಂಡು ಕೈಟಿನೇಸ್ ಅನ್ನುವ ಕಿಣ್ವ ಬಿಡುತ್ತದೆ, ಎದುರಾಳಿಯ ಕೋಶದ ಗೋಡೆಯಲ್ಲಿರುವ ಕೈಟಿನ್ ಅದರಿಂದ ಕರಗುತ್ತದೆ. ಫೈಟಾಫ್ತೊರಾದ ಗೋಡೆ ಕಟ್ಟಿರುವುದು ಮುಖ್ಯವಾಗಿ ಗ್ಲುಕಾನ್ ಮತ್ತು ಸೆಲ್ಯುಲೋಸ್‌ನಿಂದ. ಅಲ್ಲಿ ಕೈಟಿನೇಸ್‌ಗೆ ಹೆಚ್ಚು ಕೆಲಸ ಇಲ್ಲ, ಇವೆರಡನ್ನು ಕರಗಿಸುವ ಗ್ಲುಕನೇಸ್ ಮತ್ತು ಸೆಲ್ಯುಲೇಸ್ ಕಿಣ್ವಗಳು ಬೇಕು. ಟ್ರೈಕೋಡರ್ಮಾ ಇವನ್ನೂ ಬಿಡುತ್ತದೆ, ಆದರೆ ಎಲ್ಲಾ ತಳಿಯೂ ಒಂದೇ ಪ್ರಮಾಣದಲ್ಲಿ ಅಲ್ಲ. ಹಾಗಾಗಿ ಯಾವ ತಳಿ ಆರಿಸಬೇಕು ಅನ್ನುವ ಪ್ರಶ್ನೆ ಬರುತ್ತದೆ. 'ಇದೂ ಶಿಲೀಂಧ್ರ, ಅದೂ ಶಿಲೀಂಧ್ರ' ಅಂತ ಬರೆದುಬಿಟ್ಟರೆ ಓದುವವರಿಗೆ ಇದನ್ನು ಹೇಗೆ ವಿವರಿಸುವುದು?

ರೈತರ ದುಡ್ಡಿನ ವಿಷಯವೂ ಇದೆ. ಶಿಲೀಂಧ್ರನಾಶಕ ಅಂತ ಅಂಗಡಿಯಲ್ಲಿ ಸಿಗುವ ಕಾರ್ಬೆಂಡಜಿಮ್ ಫೈಟಾಫ್ತೊರಾಕ್ಕೆ ನಾಟುವುದಿಲ್ಲ. ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ ಎರಡು ಗುಂಪಿಗೂ ಆಗುತ್ತದೆ, ಅದಕ್ಕೇ ಇಷ್ಟು ವರ್ಷ ಈ ಗೊಂದಲ ಯಾರನ್ನೂ ಜಾಸ್ತಿ ಕಾಡಲಿಲ್ಲ ಅನಿಸುತ್ತದೆ.

ಕಾಫಿಯದ್ದು ಇನ್ನೊಂದು ತೊಡಕು. ಎಲೆ ಕಪ್ಪಾಗಿ ಕೊಳೆತು ಎಳೆಯಲ್ಲಿ ನೇತಾಡುವ ರೋಗಕ್ಕೂ ನಾವು ಕೊಳೆರೋಗ ಅಂತಲೇ ಹೇಳುತ್ತೇವೆ, ಅಲ್ವಾ? ಅದು ಮಾತ್ರ ನಿಜವಾದ ಶಿಲೀಂಧ್ರ. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರ ವಿಜ್ಞಾನಿ ಎಂ. ಸಿ. ಕುಕ್ ಅದಕ್ಕೆ 'ಪೆಲ್ಲಿಕ್ಯುಲೇರಿಯಾ ಕೊಳೆರೋಗ' ಅಂತ ನಮ್ಮ ಪದವನ್ನೇ ಇಟ್ಟು ಹೆಸರು ಕೊಟ್ಟ. ಮಲೆನಾಡಿನ ಒಂದೇ ತೋಟದಲ್ಲಿ ಅಡಿಕೆ, ಕಾಫಿ ಎರಡೂ ಇರುತ್ತವೆ, ಎರಡಕ್ಕೂ ಕೊಳೆರೋಗ, ಕಾರಣ ಮಾತ್ರ ಬೇರೆ ಬೇರೆ.

'ಕಿಣ್ವ' ಬಗ್ಗೆ ತಕರಾರಿಲ್ಲ, ಶಾಲೆಯ ಪುಸ್ತಕದಿಂದಲೇ ಎಲ್ಲರಿಗೂ ಗೊತ್ತು. ಫೈಟಾಫ್ತೊರಾದ ಗುಂಪಿಗೆ ಒಂದು ಹೆಸರು ಬೇಕು. ಇಂಗ್ಲಿಷಿನಲ್ಲಿರುವ 'ಊಮೈಸೀಟ್' ಅಂತ ಹಾಗೇ ಇಟ್ಟರೆ ತಪ್ಪೇನಿಲ್ಲ, ಆದರೆ ನಾಲಿಗೆಗೆ ಹತ್ತುವುದಿಲ್ಲ. 'ಜಲಶಿಲೀಂಧ್ರ' ಅಂದರೆ ಮತ್ತೆ ಶಿಲೀಂಧ್ರವೇ ಒಳಗೆ ಬಂತು. ನನಗೆ 'ನೀರುಬೂಷ್ಟು' ಹಿಡಿಸಿದೆ. ಬೂಷ್ಟು ಅನ್ನುವುದು ಕಣ್ಣಿಗೆ ಕಾಣುವುದರ ಹೆಸರು, ವರ್ಗೀಕರಣದ ಹಂಗಿಲ್ಲ, ನೀರಿನ ಜೊತೆಗಿನ ನಂಟೂ ಪದದಲ್ಲೇ ಬರುತ್ತದೆ.

ಶಿರಸಿ, ತೀರ್ಥಹಳ್ಳಿ, ಪುತ್ತೂರು ಕಡೆಯವರು ದಯವಿಟ್ಟು ಹೇಳಿ: ಉದುರಿದ ಅಡಿಕೆ ಮೇಲೆ ಹಬ್ಬುವ ಆ ಬಿಳಿಗೆ ನಿಮ್ಮ ಮನೆಮಾತಿನಲ್ಲಿ ಬೇರೆ ಹೆಸರು ಇದೆಯಾ? ಬೂಸಲು, ಬೂಷ್ಟು, ಬೂಜು, ಇವುಗಳಲ್ಲಿ ತೋಟದಲ್ಲಿ ನಿಜಕ್ಕೂ ಬಳಸುವುದು ಯಾವುದು?