ಕ್ಯಾರವಾನ್ ಗ್ಯಾಸ್ ಫ್ರಿಡ್ಜ್ ಬಿಸಿಲಲ್ಲಿ ತಣ್ಣಗಾಗುತ್ತಿಲ್ಲ, ಮೇಲಿನ ಕಪಾಟಿಗೆ ತೂತು ಕೊರೆಯಬಹುದಾ?

ಗಾಲಿಮನೆ (ಅಡಿಲೇಡ್):
ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಕ್ಯಾರವಾನ್ (ಕಾರಿನ ಹಿಂದೆ ಎಳೆಯುವ ಗಾಡಿಮನೆ) ತಗೊಂಡಿದ್ದೇವೆ. ಅದರ ಹಳೇ ಫ್ರಿಡ್ಜ್ ತೆಗೆದು ತ್ರೀ-ವೇ ಫ್ರಿಡ್ಜ್ ಕೂರಿಸಿದೆ. 12 ವೋಲ್ಟ್, 230 ವೋಲ್ಟ್, ಗ್ಯಾಸ್, ಮೂರರಲ್ಲೂ ಓಡುತ್ತದೆ. ಗ್ಯಾಸ್ ಲೈನ್ ಇನ್ನೂ ಜೋಡಿಸಿಲ್ಲ, ಲೈಸೆನ್ಸ್ ಇರುವ ಫಿಟ್ಟರ್ ಬರಬೇಕು. ಸದ್ಯಕ್ಕೆ ಮನೆ ಕರೆಂಟಲ್ಲಿ ಹಾಕಿ ನೋಡುತ್ತಿದ್ದೇನೆ. ರಾತ್ರಿ ಒಳಗೆ 4 ಡಿಗ್ರಿ ಬರುತ್ತದೆ. ಹೊರಗೆ 40 ಆದಾಗ ಒಳಗೆ 14! ಹಾಲು ಒಡೆದೇ ಹೋಯಿತು. ಫ್ರಿಡ್ಜ್ ಮೇಲಿನ ಹಲಗೆ ಮುಟ್ಟಿದರೆ ಸುಡುತ್ತದೆ.

ಆ ಹಲಗೆಗೆ ನಾಲ್ಕು ತೂತು ಕೊರೆದರೆ ಬಿಸಿ ಗಾಳಿ ಒಳಗೆ ಬಂದು ಚಾವಣಿಯ ಹ್ಯಾಚ್‌ನಿಂದ ಹೊರಗೆ ಹೋಗುತ್ತದೆ ಅಲ್ವಾ? ಮಾಡಬಹುದಾ?

ತಿಪಟೂರು ತೆಂಗು:
ಡ್ರಿಲ್ ಕೆಳಗಿಡಿ ಸರ್, ಮೊದಲು.

ಕರೆಂಟಲ್ಲಿ ಓಡುವಾಗ ಆ ತೂತಿನಿಂದ ಬರುವುದು ಬರೀ ಬಿಸಿ ಗಾಳಿ. ಗ್ಯಾಸಿಗೆ ಹಾಕಿದ ಮೇಲೆ ಅದೇ ಹಿಂಬದಿಯಲ್ಲಿ ಬರ್ನರ್ ಉರಿಯುತ್ತಿರುತ್ತದೆ. ಉರಿ ಸರಿ ಇಲ್ಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಾತ್ರಿ ಹ್ಯಾಚ್ ಮುಚ್ಚಿ ಮಲಗಿದರೆ ಬೆಳಿಗ್ಗೆ ಏಳುವ ಗ್ಯಾರಂಟಿ ಇಲ್ಲ. ಫ್ರಿಡ್ಜಿನ ಹಿಂಬದಿಗೆ ಗಾಳಿ ಹೊರಗಿನಿಂದಲೇ ಬರಬೇಕು, ಹೊರಗೇ ಹೋಗಬೇಕು. ನೀವು ಮಲಗುವ ಜಾಗಕ್ಕೂ ಅದಕ್ಕೂ ಕೂದಲೆಳೆಯಷ್ಟೂ ಸಂಬಂಧ ಇರಬಾರದು.

ತಣ್ಣಗಾಗದೆ ಇರುವುದಕ್ಕೆ ಕಾರಣ ಬೇರೆ. ಇದರಲ್ಲಿ ಕಂಪ್ರೆಸರ್ ಇಲ್ಲ. ಕೆಳಗಿನ ಬಾಯ್ಲರಿಗೆ ಶಾಖ ಕೊಟ್ಟಾಗ ನೀರಿನಿಂದ ಅಮೋನಿಯಾ ಆವಿಯಾಗಿ ಮೇಲೇರುತ್ತದೆ. ಹಿಂಬದಿಯ ತುದಿಯಲ್ಲಿ ಫಿನ್ (ಶಾಖ ಬಿಡುವ ತೆಳು ತಗಡಿನ ಪಟ್ಟಿಗಳು) ಇರುವ ಕಂಡೆನ್ಸರಿನಲ್ಲಿ ಅದು ಶಾಖ ಬಿಟ್ಟು ದ್ರವ ಆಗಬೇಕು. ಆಮೇಲೆ ಒಳಗೆ ಹೈಡ್ರೋಜನ್ ಜೊತೆ ಸೇರಿ ಮತ್ತೆ ಆವಿಯಾಗುವಾಗ ಪೆಟ್ಟಿಗೆಯ ಶಾಖ ಎಳೆದುಕೊಳ್ಳುತ್ತದೆ. ಆ ಫಿನ್ ಸುತ್ತ ಬಿಸಿ ಗಾಳಿ ನಿಂತುಬಿಟ್ಟರೆ ಅಮೋನಿಯಾ ದ್ರವ ಆಗುವುದಾದರೂ ಹೇಗೆ? ಕರೆಂಟೋ ಗ್ಯಾಸೋ, ಕಥೆ ಒಂದೇ.

ಮೂರು ವಿಷಯ ಅಳೆದು ಹೇಳಿ. ಹಿಂದಿನ ಗೋಡೆಗೂ ಫಿನ್‌ಗೂ ಎಷ್ಟು ಅಂತರ? ಫ್ರಿಡ್ಜ್ ತಲೆಯ ಮೇಲೆ ಎಷ್ಟು ಖಾಲಿ ಇದೆ? ಹೊರಗೋಡೆಯ ಮೇಲಿನ ವೆಂಟ್ (ಗಾಳಿಕಿಂಡಿ) ಫಿನ್‌ಗಿಂತ ಮೇಲಿದೆಯಾ, ಕೆಳಗಾ?

ಗಾಲಿಮನೆ:
ಅಳೆದೆ ಸರ್. ಹಿಂದೆ 70 ಮಿ.ಮೀ. ತಲೆಯ ಮೇಲೆ 100 ಮಿ.ಮೀ. ಖಾಲಿ. ಮೇಲಿನ ವೆಂಟ್ ಫಿನ್‌ಗಿಂತ ಸ್ವಲ್ಪ ಕೆಳಗೇ ಇದೆ. ಹಳೇ ಫ್ರಿಡ್ಜ್ ಗಿಡ್ಡ ಇತ್ತು, ಅದರ ವೆಂಟನ್ನೇ ಉಳಿಸಿಕೊಂಡಿದ್ದೆ.

ತಿಪಟೂರು ತೆಂಗು:
ಸಿಕ್ಕಿತು ನೋಡಿ. ಊರಲ್ಲಿ ಬಚ್ಚಲೊಲೆಗೆ ಹೊಗೆಗೂಡು ಇರುತ್ತದಲ್ಲ, ಇದೂ ಹಾಗೇ. ತುದಿ ಮುಚ್ಚಿದ್ದರೆ ಎಳೆಯುವುದಿಲ್ಲ.

ಮೇಲಿನ ವೆಂಟ್ ಕಂಡೆನ್ಸರಿಗಿಂತ ಮೇಲಕ್ಕೆ ಬರಲಿ. ಗೋಡೆಯಲ್ಲಿ ಜಾಗ ಇಲ್ಲದಿದ್ದರೆ ರೂಫ್ ವೆಂಟ್ ಹಾಕಿಸಿ. ಆಮೇಲೆ ತಗಡು. ತೆಳು ಅಲ್ಯುಮಿನಿಯಂ ತಗಡನ್ನು ಫ್ರಿಡ್ಜಿನ ಮೇಲಂಚಿನಿಂದ ವೆಂಟಿನ ಮೇಲಂಚಿಗೆ ಓರೆಯಾಗಿ ಕೂರಿಸಿ. ಬಿಸಿ ಗಾಳಿ ತಲೆಯ ಮೇಲಿನ ಖಾಲಿ ಜಾಗಕ್ಕೆ ನುಗ್ಗಿ ಕೂರದೆ ಸೀದಾ ಹೊರಗೆ ಹೋಗುತ್ತದೆ. ಖಾಲಿ ಜಾಗಕ್ಕೆ ಬೆಂಕಿ ಹತ್ತದ ಇನ್ಸುಲೇಶನ್ ತುಂಬಿ. 70 ಮಿ.ಮೀ. ಅಂತರ ತುಂಬಾ ಜಾಸ್ತಿ, ಗಾಳಿ ಫಿನ್ ತಾಗದೆ ಗೋಡೆ ಪಕ್ಕದಲ್ಲೇ ಏರಿ ಹೋಗುತ್ತದೆ. ಗೋಡೆ ಕಡೆಯಿಂದ ಇನ್ನೊಂದು ತಗಡು ಕೊಟ್ಟು ಗಾಳಿಯನ್ನು ಫಿನ್ ಕಡೆಗೆ ತಳ್ಳಿ. ಅಂತರ ಸಾಮಾನ್ಯವಾಗಿ 15ರಿಂದ 25 ಮಿ.ಮೀ. ಸಾಕು, ನಿಮ್ಮ ಮಾಡೆಲಿನ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಕೊನೆ ಮಾತು. ಫ್ಲೂ (ಬರ್ನರ್ ಹೊಗೆ ಹೋಗುವ ಕೊಳವೆ) ಹತ್ತಿರ ಸ್ಪ್ರೇ ಫೋಮ್ ಮಾತ್ರ ಬೇಡ.

ಕೆಳಗಿನ ವೆಂಟ್ ನೆಲದ ಮಟ್ಟದಲ್ಲೇ ಇರಲಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಕೂರುತ್ತದೆ, ಅಲ್ಲಿಂದಲೇ ಹೊರಗೆ ಇಳಿಯಬೇಕು.

ಕಡೂರಕ್ಕ (ಟೌನ್ಸ್‌ವಿಲ್):
ಗ್ಯಾಸ್ ಇನ್ನೂ ಜೋಡಿಸಿಲ್ಲ ಎಂದಿರಲ್ಲ, ಒಳ್ಳೆಯದೇ ಆಯಿತು. ಈಗಲೇ ಒಂದು ಪರೀಕ್ಷೆ ಮಾಡಿ. ಸಿಲಿಂಡರ್ ಪಕ್ಕದಲ್ಲಿ ಇರಬಾರದು. ಫ್ರಿಡ್ಜ್ ಕರೆಂಟಲ್ಲಿ ಚೆನ್ನಾಗಿ ಬಿಸಿಯಾದ ಮೇಲೆ ಹೊರಗೆ ಕೆಳಗಿನ ವೆಂಟ್ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಒಳಗೆ ಎಳೆದು ಮೇಲಿನ ವೆಂಟಲ್ಲಿ ಬಂದರೆ ಗಾಳಿ ಓಡಾಟ ಸರಿ ಇದೆ. ಕಿಟಕಿ ಮುಚ್ಚಿ ಇನ್ನೊಬ್ಬರನ್ನು ಒಳಗೆ ಕೂರಿಸಿ. ಕಪಾಟಿನ ಬಾಗಿಲು ತೆಗೆದಾಗ ಪರಿಮಳ ಬಂದರೆ ಎಲ್ಲೋ ಸಂದು ಇದೆ ಎಂದರ್ಥ. ಇದರಲ್ಲಿ ಪಾಸಾದರೂ ಫಿಟ್ಟರ್ ಪರೀಕ್ಷೆ ಬಿಡುವ ಹಾಗಿಲ್ಲ.

ವ್ಯಾನ್ ಮಟ್ಟವಾಗಿ ನಿಲ್ಲಿಸುವುದು ಇನ್ನೊಂದು. ಜಾಸ್ತಿ ವಾಲಿದರೆ ದ್ರವ ಬಾಯ್ಲರಿಗೆ ವಾಪಸ್ ಬರುವುದಿಲ್ಲ, ಯೂನಿಟ್ಟೇ ಹಾಳಾಗಬಹುದು. ಫ್ರಿಡ್ಜಿನ ಪ್ಲೇಟಲ್ಲಿ ಕ್ಲೈಮೇಟ್ ಕ್ಲಾಸ್ ನೋಡಿ, ಎಷ್ಟು ಸೆಕೆವರೆಗೆ ತಡೆಯುತ್ತದೆ ಎಂಬ ಗುರುತು ಅದು. ಟಿ ಎಂದಿದ್ದರೆ 43 ಡಿಗ್ರಿವರೆಗೆ, ಎನ್ ಇದ್ದರೆ 32ಕ್ಕೇ ಸುಸ್ತು. ಎನ್ ಆಗಿದ್ದರೆ ತಗಡು ಎಷ್ಟು ಬಡಿದರೂ ಅಡಿಲೇಡ್ ಬೇಸಿಗೆಗೆ ಸಾಲದು.

ಗಾಲಿಮನೆ:
ಪ್ಲೇಟಲ್ಲಿ ಟಿ ಇದೆ ಅಕ್ಕ. ವೆಂಟ್ ಮೇಲಕ್ಕೆ ಮಾಡಿಸಿದೆ, ತಗಡೂ ಹಾಕಿದೆ. ನಿನ್ನೆ ಹೊರಗೆ 39, ಒಳಗೆ 6! ಆದರೆ ಊದುಬತ್ತಿ ಪರಿಮಳ ಸಿಂಕ್ ಕೆಳಗಿನ ಕಪಾಟಿಗೆ ಬಂತು. ಹುಡುಕಿದರೆ 12 ವೋಲ್ಟ್ ವೈರ್ ತೂರಿಸಿದ ತೂತು ದೊಡ್ಡದಿದೆ, ಸುತ್ತ ಹೆಬ್ಬೆರಳು ಹೋಗುತ್ತದೆ. ಎಂ-ಸೀಲ್ ಹಾಕಿ ಮುಚ್ಚಲಾ?

ಕಡೂರಕ್ಕ:
ಬೇಡ. ಎಂ-ಸೀಲ್ ಕಲ್ಲಾಗುತ್ತದೆ, ವ್ಯಾನ್ ಕುಲುಕಿದಾಗ ಬಿರುಕು ಬಿಡುತ್ತದೆ. ವೈರಿಗೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ, ಸುತ್ತ ಶಾಖ ತಡೆಯುವ ಸಿಲಿಕೋನ್ ಸೀಲೆಂಟ್ ಕೊಡಿ. ಒಣಗಿದ ಮೇಲೆ ಮತ್ತೆ ಊದುಬತ್ತಿ ಹಚ್ಚಿ.

ತಿಪಟೂರು ತೆಂಗು:
ಸೀಲ್ ಆಗುವವರೆಗೂ ಫಿಟ್ಟರನ್ನು ಕರೆಯಬೇಡಿ. ಕ್ಯಾರವಾನ್ ಗ್ಯಾಸಿಗೆ ಅಲ್ಲಿ ಎಎಸ್/ಎನ್‌ಝಡ್‌ಎಸ್ 5601.2 ಎಂಬ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಸ್ಟ್ಯಾಂಡರ್ಡ್ ಇದೆ, ಅವರು ಅದನ್ನು ನೋಡಿಯೇ ಸರ್ಟಿಫಿಕೇಟ್ ಕೊಡುವುದು. ಬಂದಾಗ ಪ್ರೆಶರ್ ಟೆಸ್ಟ್ ನಿಮ್ಮೆದುರೇ ಮಾಡಿಸಿ. ಉರಿ ನೀಲಿ ಇರಬೇಕು. ಹಳದಿ ಕಂಡರೆ ಅಲ್ಲೇ ಆಫ್ ಮಾಡಿ. ಫ್ಲೂನಿಂದ ತುಕ್ಕು ಉದುರಿ ಬರ್ನರ್ ಮೇಲೆ ಕೂತಿರಬಹುದು, ಇಲ್ಲವೇ ಕಣಜ ಗೂಡು ಕಟ್ಟಿರಬಹುದು. ಬರ್ನರಿಗೆ ಗ್ಯಾಸ್ ಬಿಡುವ ಜೆಟ್ಟಿಗೆ ನೀವೇ ಪಿನ್ ಚುಚ್ಚಲು ಹೋಗಬೇಡಿ, ತೂತು ದೊಡ್ಡದಾಗುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗುವ ಕಡೆ, ಗ್ಯಾಸ್ ಅಲಾರಂ ನೆಲದ ಹತ್ತಿರ. ಪೆಟ್ರೋಲ್ ಬಂಕಿಗೆ ಹೋಗುವ ಮೊದಲೇ ಫ್ರಿಡ್ಜ್ ಗ್ಯಾಸ್ ಬಂದ್ ಆಗಿರಬೇಕು.

ಗಾಲಿಮನೆ:
ಆಯ್ತು ಸರ್. ಕೊನೇದೊಂದು. ವೆಂಟಲ್ಲಿ ಕಂಪ್ಯೂಟರ್ ಫ್ಯಾನ್ ಹಾಕುತ್ತಾರಲ್ಲ, ನನಗೂ ಬೇಕಾ?

ತಿಪಟೂರು ತೆಂಗು:
39ರಲ್ಲಿ 6 ಬಂದಿದೆ ಅಂದಮೇಲೆ ಈಗ ಬೇಡ. ಅಡಿಲೇಡ್‌ಗೆ ಉತ್ತರದ ಫ್ಲಿಂಡರ್ಸ್ ರೇಂಜಸ್ ಬೆಟ್ಟಗಳ ಕಡೆ ಬೇಸಿಗೆಯಲ್ಲಿ ಹೋಗುವುದಿದ್ದರೆ ಥರ್ಮೋಸ್ಟಾಟ್ ಇರುವ 12 ವೋಲ್ಟ್ ಫ್ಯಾನ್ ಹಾಕಿ, ಮೇಲಿನ ವೆಂಟ್ ಕಡೆ, ಗಾಳಿ ಹೊರಗೆ ತಳ್ಳುವ ಹಾಗೆ. ಬರ್ನರ್ ಉರಿಗೆ ನೇರ ಗಾಳಿ ಬಡಿಯಬಾರದು ಅಷ್ಟೇ. ಮತ್ತೆ ಅಲ್ಲಿ ನಿಲ್ಲಿಸುವಾಗ ಫ್ರಿಡ್ಜ್ ಇರುವ ಕಡೆಗೆ ಮಧ್ಯಾಹ್ನದ ಬಿಸಿಲು ಬೀಳದ ಹಾಗೆ ನೋಡಿಕೊಳ್ಳಿ, ಫ್ಯಾನಿಗಿಂತ ಅದೇ ಜಾಸ್ತಿ ಕೆಲಸ ಮಾಡುತ್ತದೆ.