ಅಮೆರಿಕ ಬಿಟ್ಟು ಜರ್ಮನಿಗೆ ಹೊರಟಿದ್ದೇವೆ, ಎರಡೂ ಕಡೆ ಬಾಳಿದವರು ತಿಳಿಸಿ

ಪ್ರಶ್ನೆ, ನ್ಯೂಜೆರ್ಸಿಯಿಂದ

ಎಲ್ಲರಿಗೂ ನಮಸ್ಕಾರ. ಎಂಟು ವರ್ಷಗಳಿಂದ ಇಲ್ಲಿದ್ದೇವೆ. ಈಗ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ. ಮಗಳಿಗೆ ಏಳು ವರ್ಷ, ಹುಟ್ಟಿ ಬೆಳೆದದ್ದೆಲ್ಲ ಅಮೆರಿಕದಲ್ಲೇ. ಹೋದ ತಿಂಗಳು ಮನೆ ಹುಡುಕಲು ಒಂದು ವಾರ ಹೋಗಿ ಬಂದೆವು. ರೈಲಿನಲ್ಲಿ ಎದುರು ಕುಳಿತವರನ್ನು ನೋಡಿ ನನ್ನ ಹೆಂಡತಿ ನಕ್ಕರೆ ಅವರು ಕಿಟಕಿಯ ಕಡೆ ತಿರುಗಿದರು. ಅಂದಿನಿಂದ ಅವಳಿಗೆ ಒಂದೇ ಚಿಂತೆ. ಇಲ್ಲಿ ಅಂಗಡಿಯವರೂ ಕುಶಲ ಕೇಳುತ್ತಾರೆ, ಅಲ್ಲಿ ಮಾತನಾಡಿಸುವವರೇ ಇಲ್ಲದೆ ಹೇಗೆ ಬಾಳುವುದು? ಸಂಬಳ, ವೀಸಾ ಎಲ್ಲ ತಿಳಿದುಕೊಂಡಿದ್ದೇವೆ. ಜನರ ವಿಷಯ ಹೇಳಿ.

ಎಸ್ಲಿಂಗೆನ್‌ನಿಂದ (ಮೊದಲು ಐದು ವರ್ಷ ಮಿಷಿಗನ್)

ನೀವು ಬರುತ್ತಿರುವ ಊರಿಗೆ ಕಾಲು ಗಂಟೆಯ ದಾರಿಯಲ್ಲಿದ್ದೇನೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮನೆಗೆ ಬಂದ ಮೊದಲ ವಾರ ನಮ್ಮ ಬಾಗಿಲ ಹಿಡಿಗೆ ಯಾರೋ ಒಂದು ಪುಟ್ಟ ಹಲಗೆ ನೇತುಹಾಕಿದ್ದರು. ಜಾಹೀರಾತು ಇರಬೇಕೆಂದು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟೆವು. ಶನಿವಾರ ಸಂಜೆ ಮೇಲಿನ ಮನೆಯ ಅಜ್ಜಿ ಗಂಟೆ ಒತ್ತಿದರು. ಮುಖ ಗಂಟು. 'ಮೆಟ್ಟಿಲು ಒರೆಸಿಲ್ಲ' ಎಂದರು, ಅಷ್ಟೇ, ಹೊರಟುಹೋದರು. ನನ್ನ ಹೆಂಡತಿ ಆ ರಾತ್ರಿ ಅತ್ತಳು. ಈ ಪ್ರಾಂತ್ಯದಲ್ಲಿ ಕೇರ್‌ವೋಖೆ ಎಂಬ ಪದ್ಧತಿ ಇದೆ, ಗುಡಿಸುವ ವಾರ ಎಂದರ್ಥ. ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ಅವರದು.

ಮುಂದಿನ ಸಲ ನಮ್ಮ ಪಾಳಿ ಬಂದಾಗ ಅಜ್ಜಿ ತಾವೇ ಬಕೆಟ್ ಹಿಡಿದು ಬಂದರು. ಮೇಲಿನಿಂದ ಶುರು ಮಾಡಬೇಕು, ಮೆಟ್ಟಿಲ ಮೂಲೆಯನ್ನು ಬಟ್ಟೆಯ ತುದಿಯಿಂದ ಒರೆಸಬೇಕು, ಕೊನೆಗೆ ಕಂಬಿ, ಎಲ್ಲವನ್ನೂ ಮಾಡಿ ತೋರಿಸಿದರು. ನಮ್ಮ ಊರಿನಲ್ಲಿ ಅಂಗಳ ಗುಡಿಸಿ ನೀರು ಹಾಕುವುದನ್ನು ಅತ್ತೆ ಸೊಸೆಗೆ ಕಲಿಸಿದ ಹಾಗೆಯೇ ಇತ್ತು. ಮೂರನೆಯ ವರ್ಷದ ಚಳಿಗಾಲದಲ್ಲಿ ನಾನು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಆರು ವಾರ ನಮ್ಮ ಪಾಲಿನ ಕಾಲುದಾರಿಯ ಹಿಮವನ್ನು ಯಾರೋ ಬೆಳಗಾಗುವುದರೊಳಗೆ ಗೋರಿ ಜಲ್ಲಿಪುಡಿ ಉದುರಿಸಿರುತ್ತಿದ್ದರು. ಅದು ಅಜ್ಜಿಯ ಮಗ ಎಂದು ತಿಳಿದದ್ದು ಬಹಳ ದಿನಗಳ ಮೇಲೆ.

ಮಿಷಿಗನ್‌ನಲ್ಲಿ ಪಕ್ಕದ ಮನೆಯವರು ದಿನವೂ ಕೈ ಬೀಸುತ್ತಿದ್ದರು, 'ಒಂದು ದಿನ ಊಟಕ್ಕೆ ಬರಲೇಬೇಕು' ಎನ್ನುತ್ತಿದ್ದರು. ಐದು ವರ್ಷದಲ್ಲಿ ಆ ದಿನ ಬರಲಿಲ್ಲ. ಅವರು ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ, ಅದು ಅವರ ಶುಭಾಶಯ. ಇಲ್ಲಿ ಊಟಕ್ಕೆ ಕರೆದರೆ ತಾರೀಕು, ಗಂಟೆ ಹೇಳಿಯೇ ಕರೆಯುತ್ತಾರೆ. ಏಳು ಗಂಟೆ ಎಂದರೆ ಏಳಕ್ಕೇ ಹೋಗಿ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಭಾನುವಾರದ ವಿಶ್ರಾಂತಿಗೆ ಸಂವಿಧಾನದ ರಕ್ಷಣೆಯೇ ಇದೆ, 1919ರ ವೈಮರ್ ಸಂವಿಧಾನದ ಮಾತನ್ನು ಈಗಿನದೂ ಉಳಿಸಿಕೊಂಡಿದೆ. ಆ ದಿನ ಸದ್ದು ಮಾಡಬಾರದು: ಗೋಡೆಗೆ ಮೊಳೆ ಹೊಡೆಯಬೇಡಿ, ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಸುರಿಯಬೇಡಿ.

ಇನ್ನೊಂದು ಮಾತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಡಿಸಿದ ಹರ್ಮನ್ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇದೇ ಎಸ್ಲಿಂಗೆನ್‌ನಲ್ಲಿ. ಅಜ್ಜಿಗೆ ಇದನ್ನು ಹೇಳಿದಾಗ ಆ ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡರು. ಆ ಚೀಟಿ ಇವತ್ತಿಗೂ ಅವರ ಫ್ರಿಜ್ ಬಾಗಿಲಲ್ಲಿದೆ.

ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದು ಈಗ ಟೆಕ್ಸಸ್‌ನಲ್ಲಿರುವವನು

ನಾನು ನಿಮಗೆ ಎದುರು ದಿಕ್ಕಿನಲ್ಲಿ ಬಂದವನು. ಮೇಲಿನವರು ಬರೆದದ್ದು ನಿಜ, ಆದರೆ ಅಮೆರಿಕದವರ ಸ್ನೇಹ ಬರೀ ಬಾಯಿಮಾತು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ನಮ್ಮ ದೊಡ್ಡ ಮಗ ಹುಟ್ಟಿದ್ದು ನೆದರ್ಲೆಂಡ್ಸ್‌ನಲ್ಲಿ. ಅಲ್ಲಿ ತಾಯಿಗೆ 16 ವಾರ ಸಂಬಳ ಸಹಿತ ರಜೆ ಕಾನೂನೇ ಕೊಡುತ್ತದೆ, ಹೆರಿಗೆಯ ನಂತರ ಮನೆಗೇ ಬಂದು ಬಾಣಂತಿಯನ್ನೂ ಮಗುವನ್ನೂ ನೋಡಿಕೊಳ್ಳುವ ದಾದಿಯ ಖರ್ಚಿನ ಬಹುಪಾಲು ವಿಮೆಯಲ್ಲೇ ಸೇರಿರುತ್ತದೆ. ಸಹೋದ್ಯೋಗಿಗಳು ಒಂದು ಕಾರ್ಡು ಕಳಿಸಿದರು, ಅಷ್ಟೇ. ಎರಡನೆಯವಳು ಹುಟ್ಟಿದ್ದು ಇಲ್ಲಿ. 1993ರ ಕಾನೂನಿನಂತೆ ಸಿಗುವುದು 12 ವಾರ, ಅದೂ ಸಂಬಳವಿಲ್ಲದ ರಜೆ, ಅದೂ ಸಣ್ಣ ಕಂಪನಿಯಾದರೆ ಇಲ್ಲ. ಆಗ ನನ್ನ ತಂಡದವರು ದಿನಕ್ಕೊಬ್ಬರಂತೆ ಪಟ್ಟಿ ಮಾಡಿಕೊಂಡು ಎರಡು ವಾರ ಊಟ ತಂದುಕೊಟ್ಟರು. ನಾವು ಮಾಂಸ ತಿನ್ನುವುದಿಲ್ಲವೆಂದು ಮಸೂರದ ಸಾರು ಮಾಡುವುದನ್ನು ಕಲಿತು ತಂದವರೂ ಇದ್ದರು. ತಟ್ಟೆಯ ಮೇಲಿನ ಅಲ್ಯೂಮಿನಿಯಂ ಹಾಳೆಯ ಮೇಲೆ 'ಪಾತ್ರೆ ವಾಪಸ್ ಕೊಡಬೇಕಾಗಿಲ್ಲ' ಎಂಬ ಚೀಟಿ.

ನನಗೆ ಅನ್ನಿಸುವುದು ಇಷ್ಟು: ಕಾನೂನು ಕೈ ಹಿಡಿಯದ ಕಡೆ ಅಕ್ಕಪಕ್ಕದವರೇ ಕೈ ಹಿಡಿಯಬೇಕಾಗುತ್ತದೆ, ಆದ್ದರಿಂದ ಪರಿಚಯವನ್ನು ಬೇಗ ಬೆಳೆಸುತ್ತಾರೆ. ಕೆಲಸ ನಾಳೆ ಬೆಳಿಗ್ಗೆಯೇ ಹೋಗಬಹುದಾದ ಊರಿನಲ್ಲಿ ಮುಖ ಸಿಂಡರಿಸಿಕೊಂಡು ಬಾಳುವುದು ಕಷ್ಟ. ಜರ್ಮನಿಯಲ್ಲಿ ಕೆಲಸದಿಂದ ತೆಗೆಯಬೇಕಾದರೆ ಮೊದಲೇ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ ನಾಲ್ಕು ವಾರ ರಜೆ ಐರೋಪ್ಯ ಒಕ್ಕೂಟದ ಕಾನೂನಿನಲ್ಲೇ ಇದೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಖಾಸಗಿ ನೌಕರರಿಗೆ ಸಂಬಳದ ರಜೆ ಒಂದು ದಿನವೂ ಇಲ್ಲ.

ಕಚೇರಿಯ ಮಾತಿನ ತೂಕವೂ ಬೇರೆ. ಟೆಕ್ಸಸ್‌ನ ನನ್ನ ಮೇಲಧಿಕಾರಿ 'ಬಹಳ ಒಳ್ಳೆಯ ಯೋಚನೆ, ಮುಂದೆ ನೋಡೋಣ' ಎಂದರು. ನಾನು ಎರಡು ವಾರ ಅದರ ಮೇಲೆ ದುಡಿದೆ. ಅದು 'ಬೇಡ' ಎಂದು ಎಲ್ಲರಿಗೂ ತಿಳಿದಿತ್ತು, ನನಗೆ ಮಾತ್ರ ತಿಳಿಯಲಿಲ್ಲ. ಐಂಡ್‌ಹೋವನ್‌ನಲ್ಲಿ ಆಗಿದ್ದರೆ 'ಇದು ಆಗುವುದಿಲ್ಲ' ಎಂದು ಹತ್ತು ಜನರ ಮುಂದೆ ಹೇಳಿ, ಆಮೇಲೆ ನನ್ನ ಜೊತೆಗೇ ಊಟಕ್ಕೆ ಬರುತ್ತಿದ್ದರು. ನಿಮಗೆ ಇದು ತಿರುಗಾಮುರುಗಾ ಆಗುತ್ತದೆ. ಜರ್ಮನ್ ಸಹೋದ್ಯೋಗಿ 'ಸರಿ ಇದೆ' ಎಂದರೆ ಅದನ್ನು ಹೊಗಳಿಕೆ ಎಂದೇ ತೆಗೆದುಕೊಳ್ಳಿ. ತಪ್ಪು ತೋರಿಸಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಕೋಪನ್‌ಹೇಗನ್‌ನಿಂದ (ಮೊದಲು ಬಾಸ್ಟನ್)

ಮಗುವಿನ ವಿಷಯ ಯಾರೂ ಬರೆದಿಲ್ಲ. ಇಲ್ಲಿ ಚಳಿಯಲ್ಲೂ ಮಗುವನ್ನು ಹೊದಿಸಿ ತಳ್ಳುಗಾಡಿಯಲ್ಲಿ ಹೊರಗೆ ಮಲಗಿಸಿ ತಾಯಂದಿರು ಒಳಗೆ ಕಾಫಿ ಕುಡಿಯುತ್ತಾರೆ. 1997ರಲ್ಲಿ ಡೆನ್ಮಾರ್ಕಿನ ತಾಯಿಯೊಬ್ಬರು ನ್ಯೂಯಾರ್ಕ್‌ನ ಹೋಟೆಲಿನ ಮುಂದೆ ಹಾಗೆಯೇ ಮಾಡಿದಾಗ ಪೊಲೀಸರು ಅವರನ್ನು ಬಂಧಿಸಿದರು, ಮಗುವನ್ನು ಕೆಲವು ದಿನ ಸರ್ಕಾರಿ ಆಶ್ರಯಕ್ಕೆ ಒಪ್ಪಿಸಿದರು. ಅವರು ಮಾಡಿದ್ದು ತಮ್ಮ ಊರಿನಲ್ಲಿ ದಿನವೂ ಮಾಡುವುದನ್ನೇ.

ಜರ್ಮನಿಯಲ್ಲೂ ಒಂದನೆಯ ತರಗತಿಯ ಮಕ್ಕಳು ಚೀಲ ಹೊತ್ತು ತಾವೇ ಶಾಲೆಗೆ ನಡೆದು ಹೋಗುವುದು ಸಾಮಾನ್ಯ. ನಿಮ್ಮ ಮಗಳಿಗೆ ಕಾರು, ಹಳದಿ ಬಸ್ಸು ಅಭ್ಯಾಸವಾಗಿರುತ್ತದೆ. ಮೊದಲ ತಿಂಗಳು ಜೊತೆಯಲ್ಲಿ ನಡೆಯಿರಿ, ಆಮೇಲೆ ಅರ್ಧ ದಾರಿ, ಆಮೇಲೆ ಕಿಟಕಿಯಿಂದ ನೋಡಿ. ರಸ್ತೆ ಖಾಲಿಯಿದ್ದರೂ ಕೆಂಪು ದೀಪದಲ್ಲಿ ದಾಟಬೇಡಿ. ಪಕ್ಕದಲ್ಲಿ ಮಕ್ಕಳಿದ್ದರೆ ಯಾರಾದರೂ ಗದರಿಸಿಯೇ ಗದರಿಸುತ್ತಾರೆ. ನನ್ನ ಮಗಳು ಒಬ್ಬಳೇ ಬಾಗಿಲು ತೆಗೆದು ಒಳಗೆ ಬಂದ ಮೊದಲ ದಿನ, ನನಗೆ ಬಾಲ್ಯದ ತೀರ್ಥಹಳ್ಳಿ ನೆನಪಾಗಿ ಗಂಟಲು ಕಟ್ಟಿತು.

ಲಿಯಾನ್‌ನಿಂದ

ಯುರೋಪ್ ಎಂದರೆ ಒಂದೇ ಅಲ್ಲ. ಫ್ರಾನ್ಸ್‌ಗೆ ಬಂದರೆ ಅಂಗಡಿಗೆ ಕಾಲಿಟ್ಟ ಕೂಡಲೇ 'ಬೋನ್‌ಜೂರ್' ಎನ್ನಿ. ಅದನ್ನು ಬಿಟ್ಟು ನೇರವಾಗಿ ಬೆಲೆ ಕೇಳಿದರೆ ಅವಮಾನ ಮಾಡಿದ ಹಾಗೆ. ಬೆಲೆಚೀಟಿಯಲ್ಲೇ ತೆರಿಗೆ ಸೇರಿರುತ್ತದೆ, ಅಮೆರಿಕದಂತೆ ಗಲ್ಲೆಯ ಹತ್ತಿರ ಮತ್ತೆ ಕೂಡಿಸುವುದಿಲ್ಲ. ಟಿಪ್ಸ್ 20 ಶೇಕಡಾ ಎಂಬ ಲೆಕ್ಕವನ್ನು ಅಲ್ಲೇ ಬಿಟ್ಟು ಬನ್ನಿ.

ಪ್ರಶ್ನೆ ಕೇಳಿದವನು

ಎಲ್ಲರಿಗೂ ಕೃತಜ್ಞತೆ. ಹೆಂಡತಿ ಮೆಟ್ಟಿಲಿನ ಕಥೆಯನ್ನು ಮೂರು ಸಲ ಓದಿದಳು. ಎಸ್ಲಿಂಗೆನ್‌ನವರಿಗೆ ಒಂದು ಪ್ರಶ್ನೆ: ಮೊದಲ ಪರಿಚಯ ಆಗುವುದು ಹೇಗೆ? ನ್ಯೂಜೆರ್ಸಿಗೆ ಬಂದಾಗ ಎದುರುಮನೆಯವರೇ ಕುಕೀಸ್ ತಟ್ಟೆ ಹಿಡಿದು ಬಂದಿದ್ದರು.

ಎಸ್ಲಿಂಗೆನ್‌ನಿಂದ

ಇದನ್ನು ಮೊದಲೇ ಬರೆಯಬೇಕಿತ್ತು. ಇಲ್ಲಿ ಹೊಸಬರೇ ಹೋಗಬೇಕು. ಅವರು ಬರಲಿ ಎಂದು ನೀವು ಕಾಯುತ್ತೀರಿ, ಇವರು ಬಂದು ಹೇಳಲಿಲ್ಲ ಎಂದು ಅವರು ಕಾಯುತ್ತಾರೆ. ನಾವು ಹೀಗೆಯೇ ಮೊದಲ ತಿಂಗಳು ಕಳೆದುಕೊಂಡೆವು. ಸಾಮಾನು ಬಿಚ್ಚಿದ ವಾರವೇ ಒಂದೊಂದು ಮನೆಯ ಗಂಟೆ ಒತ್ತಿ, ಎರಡು ನಿಮಿಷ ಬಾಗಿಲಲ್ಲೇ ನಿಂತು ಹೆಸರು ಹೇಳಿ. ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ. ಹಿರಿಯರನ್ನು 'ಝೀ' ಎಂದೇ ಮಾತನಾಡಿಸಿ. ಅದು ನಮ್ಮ 'ನೀವು'. ಅಮೆರಿಕದಲ್ಲಿ ಮೇಲಧಿಕಾರಿಯನ್ನು ಹೆಸರು ಹಿಡಿದು ಕರೆಯಲು ನನಗೆ ವರ್ಷ ಹಿಡಿದಿತ್ತು, ಇಲ್ಲಿ ಬಹುವಚನ ತಾನಾಗಿ ನಾಲಿಗೆಗೆ ಬಂತು. 'ಡು' ಎಂಬ ಏಕವಚನವನ್ನು ಹಿರಿಯರೇ ಮೊದಲು ಕೊಡಬೇಕು. ಅಜ್ಜಿ ನಮಗೆ ಕೊಟ್ಟದ್ದು ನಾಲ್ಕನೆಯ ವರ್ಷದಲ್ಲಿ.

ಹಾಗೆಯೇ, ಗಂಟೆಯ ಪಕ್ಕದಲ್ಲಿ ಮನೆ ಸಂಖ್ಯೆ ಇರುವುದಿಲ್ಲ, ಮನೆತನದ ಹೆಸರಿರುತ್ತದೆ. ಅಂಚೆಯವರು ನೋಡುವುದು ಅದನ್ನೇ. ನಮ್ಮಲ್ಲಿ ಗಂಡನ ಪಾಸ್‌ಪೋರ್ಟ್‌ನಲ್ಲಿ ಒಂದು ಕೊನೆಯ ಹೆಸರು, ಹೆಂಡತಿಯದರಲ್ಲಿ ಇನ್ನೊಂದು ಇರುತ್ತದಲ್ಲ, ಎರಡನ್ನೂ ಮೊದಲ ದಿನವೇ ಅಂಟಿಸಿಬಿಡಿ. ಇಲ್ಲದಿದ್ದರೆ ಬ್ಯಾಂಕಿನ ಕಾಗದ ವಾಪಸ್ ಹೋಗುತ್ತದೆ.